ಸೋದರಮಾವನ ದನಿ

ಮಹಲಾಪ್ಯೆಯ ಬಸ್ ನಿಲ್ದಾಣದಲ್ಲಿ ಮಗ್ವಿನ್ಯಾ ಎಂಬ ಹಿಟ್ಟಿನ ಉಂಡೆ ಕರಿದು ಮಾರುವ ಕೆದಿಬೋನೆಗೆ ತಮ್ಮನಿಗೆ ದಿನಕ್ಕೊಮ್ಮೆಯಾದರೂ "ಬಾಯ್ಮುಚ್ಚು, ಮೊಲೆಫಿ" ಎನ್ನದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ತಮ್ಮ ಇಪ್ಪತ್ತಾರು ವರ್ಷದಿಂದ ಹೆವಿ ಮೆಟಲ್ ಹಾಡುಗಾರ. ಹಾಡುಗಾರ ಎನ್ನುವುದು ಅವನ ಮಾತು. ಅವರವ್ವ ಮೊಸಾದಿಯ ಪ್ರಕಾರ ಅದು ಕರು ಹಾಕಲಾರದ ಹಸುವಿನ ನರಳಾಟ. ಹಗಲೆಲ್ಲ ಅಂಗಳದ ಮೂಲೆಯ ತಗಡಿನ ಶೆಡ್ಡಿನಲ್ಲಿ ಗೇಟಿಗೂ ಕಿಟಕಿಗೂ ಬೆಸುಗೆ ಹಾಕುವುದು, ಸಂಜೆಯಾದರೆ ಅದೇ ಶೆಡ್ಡಿನಲ್ಲಿ ನಿಂತು ಗಂಟಲು ಹರಿದುಕೊಳ್ಳುವುದು, ಇದು ಅವನ ದಿನಚರಿ.

ಅಂಥವನು ಜುಲೈ ತಿಂಗಳ ಒಂದು ಚಳಿ ಮಧ್ಯಾಹ್ನ ಫ್ರಾನ್ಸಿಸ್‌ಟೌನಿನ ಆಸ್ಪತ್ರೆಯಿಂದ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಂದು ಚೀಟಿಯನ್ನು ಅಕ್ಕನ ಕೈಗೆ ಕೊಟ್ಟ. ಕೆದಿಬೋನೆಯ ಕೈಯೆಲ್ಲ ಹಿಟ್ಟು. ಮಗಳು ಮಾರಂಗ್ ಓದಿದಳು. ಗಂಟಲೊಳಗೆ ಬೆಳೆದಿದ್ದ ಗಂಟನ್ನು ಕೊಯ್ದು ತೆಗೆದಿದ್ದಾರೆ. ನಾಲ್ಕು ವಾರ ಮಾತಾಡುವಂತಿಲ್ಲ. ಪಿಸುಗುಟ್ಟುವಂತೆಯೂ ಇಲ್ಲ.

ಮೊಸಾದಿ ಗೋಡೆಗೊರಗಿ ಬೀನ್ಸ್ ಬಿಡಿಸುತ್ತಿದ್ದಳು. ಆಸ್ಪತ್ರೆಯವರು ಎಷ್ಟು ತೆಗೆದುಕೊಂಡರು ಎಂದು ಕೇಳಿದಳು. ಮೊಲೆಫಿ ಐದು ಬೆರಳು ತೋರಿಸಿದ.

"ಐದು ಪುಲಾ," ಎಂದಳು ಮುದುಕಿ. "ಇಪ್ಪತ್ತಾರು ವರ್ಷ ಮಂಡಿ ಸವೆಯೋ ಹಾಗೆ ಪ್ರಾರ್ಥನೆ ಮಾಡಿದೀನಿ. ಐದು ಪುಲಾಕ್ಕೆ ಆಗೋ ಕೆಲಸ ಅಂತ ಒಬ್ರೂ ಹೇಳ್ಲಿಲ್ಲ."

ಎಲ್ಲರೂ ನಕ್ಕರು. ಮೊಲೆಫಿಯೂ ನಕ್ಕ, ಆದರೆ ಶಬ್ದವಿಲ್ಲದೆ. ಅಷ್ಟು ದೊಡ್ಡ ಆಳು, ತೊಗಲಿನ ಜಾಕೆಟ್ಟು, ಎದೆಯ ಮೇಲೆ ಸರಪಳಿ, ಬಾಯಿ ತೆರೆದು ಹಲ್ಲು ಕಾಣಿಸಿ ಸದ್ದಿಲ್ಲದೆ ನಗುವುದನ್ನು ನೋಡಲಾರದೆ ಕೆದಿಬೋನೆ ಹಿಟ್ಟಿಗೆ ತಿರುಗಿದಳು.

ಅವನು ಹತ್ತೊಂಬತ್ತನೇ ವಯಸ್ಸಿಗೆ ಗಣಿಯೂರಿಗೆ ಹೋಗಿ ಬೆಸುಗೆ ಕೆಲಸ ಕಲಿತ. ಬರುವಾಗ ಯಾರೋ ಕೊಟ್ಟ ಕ್ಯಾಸೆಟ್ಟೊಂದನ್ನು ಜೇಬಿನಲ್ಲಿಟ್ಟುಕೊಂಡು ಬಂದ. ಅದನ್ನು ಟೇಪು ತುಂಡಾಗುವವರೆಗೆ ಕೇಳಿ, ಮೂವರು ಗೆಳೆಯರನ್ನು ಕಟ್ಟಿಕೊಂಡು ತಂಡ ಮಾಡಿದ. ತಂಡದ ಹೆಸರು ಕೆಂಪು ಕೊಂಬು; ಅವನ ಹೆಸರು ಗೂಳಿ. ದನ ಕಾಯುವವರು, ಲಾರಿ ಓಡಿಸುವವರು, ಪೊಲೀಸರು ಕೂಡ ತೊಗಲು ತೊಟ್ಟು, ಅಗಲ ಟೋಪಿ ಇಟ್ಟು, ಅವನನ್ನು ಕೇಳಲು ಘಾಂಜಿಯಿಂದ ಗಾಬೊರೋನೆವರೆಗೆ ಹಿಂದೆ ಬರುತ್ತಿದ್ದರು. ಒಮ್ಮೆ ಜರ್ಮನಿಗೂ ಹೋಗಿಬಂದ. ಅಲ್ಲಿಂದ ತಂದ ಚೀಸನ್ನು ಮೊಸಾದಿ ನಾಯಿಗೆ ಹಾಕಿದಳು, ನಾಯಿ ಮೂಸಿ ಆಚೆ ಹೋಯಿತು. ಇಷ್ಟೆಲ್ಲ ಆಗಿ ಅವನು ಮನೆ ಕಟ್ಟಲಿಲ್ಲ, ಮದುವೆಯಾಗಲಿಲ್ಲ. ಗಳಿಸಿದ್ದರಲ್ಲಿ ಅರ್ಧ ಗಿಟಾರು ತಂತಿಗೆ ಹೋಯಿತು, ಅರ್ಧ ಮಾರಂಗಳ ಓದಿಗೆ. ಮಾರಂಗ್ ಈಗ ಶಾಲೆಯಲ್ಲಿ ಟೀಚರು.

ಆ ಮಾರಂಗಳನ್ನು ಕೇಳಲು ಶೋಶಾಂಗಿನಿಂದ ಗಂಡಿನವರು ತಿಂಗಳೊಳಗೆ ಬರುವವರಿದ್ದರು. ಹುಡುಗ ಲೆಬಾಂಗ್, ದನದ ಆಸ್ಪತ್ರೆಯಲ್ಲಿ ಸಹಾಯಕ, ಮಾತು ಕಡಿಮೆ, ಒಳ್ಳೆಯವನು. ಮನೆಯವರು ಮಾತ್ರ ಚರ್ಚಿನ ಮುಂದಿನ ಸಾಲಿನ ಜನ. ಹೆಣ್ಣು ಕೇಳುವ ದಿನ ತಾಯಂದಿರು ಹೊರಗೆ ಬರುವಂತಿಲ್ಲ. ಗಂಡಿನ ಸೋದರಮಾವ ಕೇಳಬೇಕು, ಹೆಣ್ಣಿನ ಸೋದರಮಾವ ಉತ್ತರ ಹೇಳಬೇಕು. ಮಾರಂಗಳಿಗೆ ಇದ್ದವನು ಒಬ್ಬನೇ ಮಾವ, ಅವನು ಈ ಗೂಳಿ.

ಕೆದಿಬೋನೆಗೆ ಆ ದಿನ ಎಂದರೆ ಏನು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಮಾರಂಗ್ ಹೊಟ್ಟೆಯಲ್ಲಿದ್ದಾಗ ಅವಳಪ್ಪನ ಕಡೆಯವರು ಬರುತ್ತೇವೆಂದು ಹೇಳಿಕಳಿಸಿದ್ದರು. ಹಿರಿಯರು ಜಾಕೆಟ್ಟು ತೊಟ್ಟು ಬೆಳಗಿನಿಂದ ಮಧ್ಯಾಹ್ನದವರೆಗೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಯಾರೂ ಬರಲಿಲ್ಲ. ಬೇಯಿಸಿದ ಮಾಂಸವನ್ನು ನೆರೆಮನೆಗಳಿಗೆ ಹಂಚಿದರು. ಅವಳು ಕಿಟಕಿಯ ಹಿಂದೆ ನಿಂತೇ ಇದ್ದಳು.

ಮೌನದ ಮೊದಲ ವಾರ ಹಬ್ಬದ ಹಾಗಿತ್ತು. ಮಾರಂಗ್ ಶಾಲೆಯಿಂದ ಒಂದು ಸ್ಲೇಟು ತಂದುಕೊಟ್ಟಳು. ಅವನು ಅದರಲ್ಲಿ "ಉಪ್ಪು", "ಇನ್ನೊಂದು ಸೌಟು", "ಅವ್ವನ ಮಾತ್ರೆ" ಎಂದೆಲ್ಲ ಬರೆದು ತೋರಿಸುತ್ತಿದ್ದ. ಎರಡನೇ ವಾರಕ್ಕೆ ಮೊಸಾದಿಗೆ ಬೇಸರ ಬಂತು. ಸಂಜೆ ಆಗಿದ್ದು ಗೊತ್ತಾಗುವುದಿಲ್ಲ, ಜೋಳದ ಗಂಜಿ ಒಲೆಯ ಮೇಲಿಡಲು ಮರೆತುಹೋಗುತ್ತದೆ ಎಂದು ಗೊಣಗಿದಳು. ಇಷ್ಟು ವರ್ಷ ಅವನು ಕಿರುಚಲು ಶುರುಮಾಡಿದಾಗ ಅವಳು ಗಂಜಿ ಇಡುತ್ತಿದ್ದಳಂತೆ.

ಆ ವಾರದ ಬುಧವಾರ ಕೆದಿಬೋನೆ ಬಸ್ ನಿಲ್ದಾಣದಲ್ಲಿದ್ದಳು. ಮೊಸಾದಿ ರಕ್ತದೊತ್ತಡ ತೋರಿಸಲು ಕ್ಲಿನಿಕ್ಕಿಗೆ ಹೋಗಿದ್ದಳು. ಶಾಲೆಗೆ ತನಿಖೆಯವರು ಬರುತ್ತಾರೆಂದು ಮಾರಂಗ್ ಸ್ಲೇಟನ್ನು ವಾಪಸ್ಸು ಒಯ್ದಿದ್ದಳು. ಬಿಸಿಲೇರುವ ಹೊತ್ತಿಗೆ ಗೇಟಿನಾಚೆ ಯಾರೋ, ಬಾಗಿಲು ಬಡಿಯುವ ಬದಲು, "ಕೋ ಕೋ" ಎಂದು ಕೂಗಿದರು. ಮನೆಯಲ್ಲಿದ್ದವನು ಮೊಲೆಫಿ ಒಬ್ಬನೇ. ಬಂದವರು ಲೆಬಾಂಗನ ಸೋದರಮಾವ ರಾ ಮೊಥಿಬಿ ಮತ್ತು ಇನ್ನೊಬ್ಬ ಹಿರಿಯ. ಹೆಣ್ಣು ಕೇಳಲು ಯಾವ ದಿನ ಬರಲಿ ಎಂದು ವಿಚಾರಿಸಿಕೊಂಡು ಹೋಗಲು ಬಂದಿದ್ದರು.

"ಕೋ ಕೋ"ಗೆ ಒಳಗಿನಿಂದ ದನಿ ಬರಲಿಲ್ಲ. ತೊಗಲಿನ ಜಾಕೆಟ್ಟು ತೊಟ್ಟು, ಹಣೆಯ ಮೇಲೆ ಬೆಸುಗೆಯ ಮುಖವಾಡ ಏರಿಸಿಕೊಂಡ ಭಾರೀ ಗಂಡಸೊಬ್ಬ ಬಂದ. ಹಿರಿಯರು ಟೋಪಿ ತೆಗೆದು ನಮಸ್ಕಾರ ಹೇಳಿದರು. ಉತ್ತರವಿಲ್ಲ. ಇನ್ನೊಮ್ಮೆ ಹೇಳಿದರು. ಅವನು ಎರಡು ಕುರ್ಚಿ ತಂದಿಟ್ಟ, ಅವರು ಕೂರಲಿಲ್ಲ. ಗಡಿಬಿಡಿಯಲ್ಲಿ ಫೋನು ತೆಗೆದು ಏನೋ ಒತ್ತಿ ಅವರ ಮುಖಕ್ಕೆ ಹಿಡಿದ. ಸಣ್ಣ ಅಕ್ಷರ ರಾ ಮೊಥಿಬಿಯ ಕಣ್ಣಿಗೆ ಹತ್ತಲಿಲ್ಲ. ಕಂಡದ್ದು ಅಕ್ಷರದ ಹಿಂದಿದ್ದ ಕೊಂಬಿನ ತಲೆಬುರುಡೆ ಮಾತ್ರ. ಕೊನೆಗೆ ಕೈಕಾಲು ಆಡದೆ ಮೊಲೆಫಿ, ಗಂಟಲು ಕೊಯ್ದಿದ್ದಾರೆ ಎಂದು ತಿಳಿಸಲು, ಹೆಬ್ಬೆರಳನ್ನು ಕತ್ತಿನ ಈ ತುದಿಯಿಂದ ಆ ತುದಿಗೆ ಎಳೆದು ತೋರಿಸಿದ.

ಇಬ್ಬರೂ ಟೋಪಿ ಇಟ್ಟುಕೊಂಡು ಹೋಗಿಬಿಟ್ಟರು.

ಸಂಜೆ ಕೆದಿಬೋನೆ ಮರುದಿನದ ಶಾಲೆಯ ಆರ್ಡರಿಗೆ ಉಂಡೆ ಕರಿಯುತ್ತಿದ್ದಾಗ ಮಾರಂಗ್ ಫೋನು ಹಿಡಿದುಕೊಂಡು ಒಳಗೆ ಬಂದಳು. ಲೆಬಾಂಗ್ ಹೇಳಿದ್ದನಂತೆ: ಹುಡುಗಿಯ ಮಾವ ನಮಸ್ಕಾರಕ್ಕೆ ನಮಸ್ಕಾರ ಹೇಳಲಿಲ್ಲ, ಹೆಣ್ಣು ಕೊಡುವುದಿಲ್ಲ ಎಂದೇ ಅದರ ಅರ್ಥ, ಮತ್ತೆ ಬಂದರೆ ಕತ್ತು ಕೊಯ್ಯುತ್ತೇನೆ ಎಂದೂ ಸನ್ನೆ ಮಾಡಿದ. ಹಿರಿಯರು ಇನ್ನು ಆ ಗೇಟಿಗೆ ಕಾಲಿಡುವುದಿಲ್ಲ.

ಮೊಲೆಫಿ ಬಾಗಿಲಲ್ಲೇ ಇದ್ದ. ಕೆದಿಬೋನೆ ಸೌಟು ಕೆಳಗಿಟ್ಟು ಅವನ ಕಡೆ ತಿರುಗಿದಳು. ಇಪ್ಪತ್ತಾರು ವರ್ಷ ಕಿರುಚಿದವನಿಗೆ ಒಂದು ನಮಸ್ಕಾರಕ್ಕೆ ಬಾಯಿಲ್ಲದೆ ಹೋಯಿತೇ ಎಂದಳು. ಆ ದರಿದ್ರ ಜಾಕೆಟ್ಟನ್ನು ಮೈಯಿಂದ ತೆಗೆದಿಡಲು ಇನ್ನೆಷ್ಟು ವಯಸ್ಸಾಗಬೇಕು ಎಂದಳು. ಅವನು ಎರಡೂ ಕೈ ಎತ್ತಿ ಏನೋ ಹೇಳಲು ನೋಡಿದ. ಅದನ್ನು ಕಂಡು ಅವಳಿಗೆ ಇನ್ನಷ್ಟು ಉರಿಯಿತು.

"ನನ್ನನ್ನ ಕೇಳೋಕೆ ಯಾರೂ ಬರ್ಲಿಲ್ಲ," ಎಂದಳು. ಅದನ್ನು ಅವಳು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. "ನನ್ನ ಮಗಳನ್ನ ಕೇಳೋಕೆ ಬಂದ್ರು. ಬಂದೋರನ್ನ ನೀನು ಓಡಿಸಿದೆ."

ಮಾರಂಗಳ ಚೀಲದಲ್ಲಿ ಸ್ಲೇಟು ವಾಪಸ್ಸು ಬಂದಿತ್ತು. ಮೊಲೆಫಿ ಅದನ್ನು ಎಳೆದುಕೊಂಡು ಗಡಿಬಿಡಿಯಲ್ಲಿ ಏನೋ ಬರೆದು ಅಕ್ಕನ ಮುಂದೆ ಹಿಡಿದ. ಕೆದಿಬೋನೆ ಓದಲಿಲ್ಲ. ಹೊದ್ದ ಬಟ್ಟೆಯ ಸೆರಗಿನಿಂದ ಒರೆಸಿಹಾಕಿ ಅಂಗಳಕ್ಕೆ ನಡೆದಳು. ತಾಯಿ ಅಳುತ್ತಾಳೆಂದು ಮಾರಂಗ್ ಹಿಂದೆ ಓಡಿದಳು, ಮಾರಂಗಳ ಹಿಂದೆ ಮೊಸಾದಿ. ಬಂದು ನೋಡುವಾಗ ಅರ್ಧ ಉಂಡೆಗಳು ಇದ್ದಿಲಾಗಿದ್ದವು, ಅಡುಗೆಮನೆಯ ಗೋಡೆ ಕಪ್ಪಾಗಿತ್ತು, ಮೊಲೆಫಿ ಬಾಣಲೆಯನ್ನು ಹೊರಗೆ ಮರಳಿನ ಮೇಲೆ ಇಟ್ಟು ಕೈಗೆ ನೀರು ಸುರಿದುಕೊಳ್ಳುತ್ತಿದ್ದ. ಆ ಸಂಜೆ ಯಾರೂ ಸರಿಯಾಗಿ ಉಣ್ಣಲಿಲ್ಲ.

ಮಾರನೆಯ ದಿನ ಕೆದಿಬೋನೆ ತೀರ್ಮಾನ ಹೇಳಿದಳು. ಪಲಾಪ್ಯೆಯಲ್ಲಿ ದೊಡ್ಡಪ್ಪನ ಮಗನಿದ್ದಾನೆ, ಚರ್ಚಿನಲ್ಲಿ ಹಿರಿಯ, ಬೂದು ಸೂಟಿದೆ. ಮಾವನ ಕುರ್ಚಿಯಲ್ಲಿ ಅವನು ಕೂರಲಿ. ಅವನನ್ನು ಮುಂದಿಟ್ಟುಕೊಂಡು ಶೋಶಾಂಗಿನವರಿಗೆ ತಪ್ಪಾಯಿತೆಂದು ಹೇಳಿಕಳಿಸೋಣ. ಮೊಸಾದಿ ತಲೆಯಾಡಿಸಲಿಲ್ಲ. ಒಡಹುಟ್ಟಿದ ತಮ್ಮನಿರುವಾಗ ಸೂಟಿರುವ ಅಣ್ಣನನ್ನು ತರುವುದುಂಟೇ ಎಂದಳು.

ಮಾರಂಗ್ ಒಂದೇ ಮಾತು ಹೇಳಿದಳು. "ಮೊದಲನೇ ಕ್ಲಾಸಿಗೆ ನನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ಹೋದೋನು ಮಾವ. ಆ ಕುರ್ಚಿ ಮೇಲೆ ಬೇರೆಯೋರು ಕೂತ್ರೆ ನಾನು ಆ ಮದುವೇಲಿ ಇರಲ್ಲಮ್ಮ."

ಹಾಗೆ ಒಂದು ವಾರ ಹೋಯಿತು. ಲೆಬಾಂಗ್ ವಿಷಯ ತಿಳಿಸಲು ಬಾಯಿ ತೆರೆದರೆ, ಹೆಣ್ಣು ಕೇಳುವ ಮಾತಿನಲ್ಲಿ ಮದುವೆಗಂಡಿಗೆ ಕೆಲಸವಿಲ್ಲ ಎಂದು ಹಿರಿಯರು ಗದರಿದರಂತೆ. ಹೆಣ್ಣಿನ ಮನೆಯವರು ತಾವಾಗಿ ಶೋಶಾಂಗಿಗೆ ಹೋಗುವಂತಿಲ್ಲ. ಹೋದರೆ ಹುಡುಗಿಯನ್ನು ಕೈಹಿಡಿದುಕೊಂಡು ಮಾರಲು ಬಂದರು ಎನ್ನುತ್ತಾರೆ. ಕೆದಿಬೋನೆ ಉಂಡೆ ಕರಿದಳು, ಮಾರಿದಳು, ಬಟ್ಟೆ ಒಗೆದಳು, ತಮ್ಮನ ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು. ಅವನ ಕೈಯ ಮೇಲೆ ಸುಟ್ಟ ಬೊಕ್ಕೆ ಕಂಡಾಗೆಲ್ಲ ಅವಳಿಗೆ ಆ ಸ್ಲೇಟು ನೆನಪಾಗುತ್ತಿತ್ತು. ಏನು ಬರೆದಿದ್ದ? ಕ್ಷಮಿಸು ಎಂದೇ? ನಿನಗೆ ಯಾರೂ ಬರದಿದ್ದದ್ದು ನನ್ನ ತಪ್ಪೇ ಎಂದೇ? ಕೇಳಲು ನಾಲಿಗೆ ತುದಿಗೆ ಬರುತ್ತಿತ್ತು, ಅಭಿಮಾನ ಬಿಡುತ್ತಿರಲಿಲ್ಲ.

ಮೂರನೇ ವಾರ ಶೋಶಾಂಗಿನಲ್ಲಿ ಮೊಸಾದಿಯ ಜೊತೆ ಚರ್ಚಿನ ಹೆಂಗಸರ ಸಂಘದಲ್ಲಿದ್ದ ಮುದುಕಿಯೊಬ್ಬಳು ತೀರಿಕೊಂಡಳು. ಸಾವಿನ ಮನೆಗೆ ಯಾರು ಬೇಕಾದರೂ ಹೋಗಬಹುದು, ಅದಕ್ಕೆ ಕರೆ ಬೇಕಿಲ್ಲ. ಶನಿವಾರ ಬೆಳಿಗ್ಗೆ ಮೊಸಾದಿ, ಕೆದಿಬೋನೆ, ಮೊಲೆಫಿ ಮೂವರೂ ಹೋದರು. ಮೊಲೆಫಿ ನೇರ ಸಮಾಧಿಯ ಬಳಿಗೆ ಹೋಗಿ ಸಲಿಕೆ ಹಿಡಿದು ಗಂಡಸರ ಸಾಲಿನಲ್ಲಿ ನಿಂತ. ಉಳಿದವರು ಸರದಿ ಬದಲಾಯಿಸಿದರೂ ಅವನು ಮಣ್ಣು ಮುಚ್ಚಿ ಮುಗಿಯುವವರೆಗೆ ಸಲಿಕೆ ಬಿಡಲಿಲ್ಲ. ರಾ ಮೊಥಿಬಿ ಆಚೆ ತುದಿಯಲ್ಲಿ ನಿಂತು ಅದನ್ನು ನೋಡಿದ, ಮುಖ ತಿರುಗಿಸಿಕೊಂಡ.

ಕೆದಿಬೋನೆ ಮಾಂಸದ ಹಂಡೆಯ ಬಳಿ ಹೆಂಗಸರ ಜೊತೆ, ಬೆಂದ ಮಾಂಸವನ್ನು ಎಳೆಯಾಗುವಂತೆ ಕೋಲಿನಿಂದ ಕುಟ್ಟಲು ನಿಂತಳು. ತಲೆಯೆತ್ತಿದರೆ ಎದುರಿಗೆ ಲೆಬಾಂಗನ ತಾಯಿ. ಇಬ್ಬರೂ ಸ್ವಲ್ಪ ಹೊತ್ತು ಮಾಂಸವನ್ನೇ ಕುಟ್ಟಿದರು.

"ನಿನ್ನ ತಮ್ಮ ನಮ್ಮಣ್ಣನ ಕತ್ತು ಕೊಯ್ತೀನಿ ಅಂದನಂತೆ," ಎಂದಳು ಆಕೆ ಕೊನೆಗೆ.

"ಅನ್ನೋಕೆ ಅವನಿಗೆ ಬಾಯೆಲ್ಲಿದೆ?" ಎಂದಳು ಕೆದಿಬೋನೆ. "ಕೊಯ್ದಿರೋದು ಅವನದೇ ಕತ್ತು."

ಆಕೆಯ ಕೈ ನಿಂತಿತು. ಕೆದಿಬೋನೆ ಗಂಟು, ಆಪರೇಶನ್ನು, ಸ್ಲೇಟು, ಶಾಲೆಯ ತನಿಖೆ, ಫೋನಿನ ತಲೆಬುರುಡೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಲೆಬಾಂಗನ ತಾಯಿ ಕೇಳುತ್ತ ಕೇಳುತ್ತ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಲುಕತೊಡಗಿತು. ಸತ್ತವಳನ್ನು ನೆನೆದು ಅಳುತ್ತಿದ್ದಾಳೆಂದು ಪಕ್ಕದ ಹೆಂಗಸು ಬೆನ್ನು ಸವರಿದಳು. ಅದರಿಂದ ಕೆದಿಬೋನೆಗೂ ನಗು ತಡೆಯಲಾಗಲಿಲ್ಲ. ಇಬ್ಬರನ್ನೂ ಹಿಡಿದು ನೀರಿನ ತೊಟ್ಟಿಯ ಹಿಂದೆ ಕೂರಿಸಿ ಸಮಾಧಾನ ಮಾಡಬೇಕಾಯಿತು.

"ಅಣ್ಣ ಬರ್ತಾನೆ, ನಾನು ಕರ್ಕೊಂಡು ಬರ್ತೀನಿ," ಎಂದಳು ಆಕೆ ಕಣ್ಣೊರೆಸಿಕೊಂಡು. "ಆದ್ರೆ ಅವನ ಹಟ ನನಗೆ ಗೊತ್ತು. ಉತ್ತರಾನ ಮಾವನ ಬಾಯಿಂದಾನೇ ಕೇಳ್ಬೇಕು ಅಂತಾನೆ. ಸ್ಲೇಟಿನ ಮೇಲೆ ಬರೆದುಕೊಡೋ ಹೆಣ್ಣು ಅವನಿಗೆ ಬೇಡ."

ಮುಂದಿನ ಶನಿವಾರ ಎಂದು ದಿನ ಗೊತ್ತಾಯಿತು. ಅದಕ್ಕೆ ಎರಡು ದಿನ ಮುಂಚೆ, ಗುರುವಾರ, ಆಸ್ಪತ್ರೆಯಲ್ಲಿ ಮತ್ತೆ ನೋಡುವವರಿದ್ದರು. ಕೆದಿಬೋನೆ ಅಂದು ಅಂಗಡಿ ಇಡದೆ ತಮ್ಮನ ಜೊತೆ ಹೋದಳು. ಡಾಕ್ಟರಮ್ಮ ದೀಪವಿದ್ದ ಕೊಳವೆ ಇಳಿಸಿ ನೋಡಿ, ಚೆನ್ನಾಗಿ ಮಾಗಿದೆ ಎಂದಳು. ಮೊದಲ ವಾರ ದಿನಕ್ಕೆ ಹತ್ತೇ ಪದ, ಅದೂ ಮೆಲ್ಲಗೆ. ಹಾಡುವ ವಿಚಾರ ಆಮೇಲೆ. "ಈಗ ಒಂದು ಆ ಅನ್ನಿ ನೋಡೋಣ," ಎಂದಳು. ಮೊಲೆಫಿ ಬಾಯಿ ತೆರೆದ. ಗಾಳಿ ಮಾತ್ರ ಬಂತು. ಒಂದೆರಡು ದಿನ ಹಾಗೆ ಆಗುತ್ತದೆ, ಗಾಬರಿ ಬೇಡ ಎಂದು ಡಾಕ್ಟರಮ್ಮ ಹೇಳಿದಳು.

ಬಸ್ಸಿನಲ್ಲಿ ಅವನು ಸ್ಲೇಟು ತೆಗೆದು "ಬರದಿದ್ದರೆ?" ಎಂದು ಬರೆದ. ಈ ಸಲ ಕೆದಿಬೋನೆ ಓದಿದಳು. ನಲವತ್ತೈದು ವರ್ಷದ ಗಂಡಸು, ಜರ್ಮನಿಯಲ್ಲಿ ಸಾವಿರಾರು ಜನರೆದುರು ಗುಡುಗಿದವನು, ಸ್ಲೇಟನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದ. ಅವನಿಗೆ ಭಯವಾಗಿತ್ತು. ಅವನಿಗೂ ಭಯವಾಗುತ್ತದೆಂದು ಅವಳಿಗೆ ತೋಚಿಯೇ ಇರಲಿಲ್ಲ.

"ಬರದೇ ಎಲ್ಲಿಗೆ ಹೋಗುತ್ತೆ," ಎಂದಳು. ಕಿತ್ತಳೆ ಸುಲಿದು ಅವನಿಗೆ ಅರ್ಧ ಕೊಟ್ಟಳು.

ಶುಕ್ರವಾರ ಆಡು ಕಡಿದರು, ಅಂಗಳ ಗುಡಿಸಿದರು, ಕುರ್ಚಿಗಳನ್ನು ನೆರೆಮನೆಗಳಿಂದ ತಂದರು. ಮೊಲೆಫಿ ಶೆಡ್ಡಿನ ಹಿಂದೆ ಹೋಗಿ ಬಾಯಿ ತೆರೆದು ಮುಚ್ಚುವುದು ಅವಳಿಗೆ ಎರಡು ಸಲ ಕಂಡಿತು. ಎರಡು ಸಲವೂ ಸದ್ದಿರಲಿಲ್ಲ. ಮಧ್ಯಾಹ್ನ ಪಲಾಪ್ಯೆಯ ಅಣ್ಣ ತಾನಾಗಿಯೇ ಫೋನು ಮಾಡಿ, ಬೇಕಾದರೆ ಬರುತ್ತೇನೆ, ಸೂಟು ಇಸ್ತ್ರಿ ಮಾಡಿಸಿದ್ದೇನೆ ಎಂದ. ಕೆದಿಬೋನೆ ಶೆಡ್ಡಿನ ಕಡೆ ನೋಡಿದಳು. ಆಮೇಲೆ, ಬೇಡಣ್ಣ, ನನ್ನ ಮಗಳಿಗೆ ಮಾವ ಇದ್ದಾನೆ ಎಂದು ಹೇಳಿ ಇಟ್ಟಳು.

ಶನಿವಾರ ಮೊಲೆಫಿ ಸ್ನಾನ ಮುಗಿಸಿ ಬಂದಾಗ ಅವನ ಹಾಸಿಗೆಯ ಮೇಲೆ ಅವನು ಎಣಿಸಿದ್ದಂತೆ ಸತ್ತ ಅಪ್ಪನ ಹಳೇ ಜಾಕೆಟ್ಟು ಇರಲಿಲ್ಲ. ಅವನದೇ ತೊಗಲಿನದು ಇತ್ತು. ಕೆದಿಬೋನೆ ಅದಕ್ಕೆ ಕೊಬ್ಬು ಸವರಿ ಉಜ್ಜಿದ್ದಳು, ಉಕ್ಕಿನ ಮೊಳೆಗಳನ್ನು ಬೂದಿ ಹಾಕಿ ತಿಕ್ಕಿದ್ದಳು. ಅದರ ಬೆನ್ನ ಮೇಲೆ ಬರೆಸಿದ್ದ ತಲೆಬುರುಡೆಯನ್ನೂ ತೊಳೆದಿದ್ದಳು. ಅವನು ಬೆರಗಾಗಿ ಅಕ್ಕನನ್ನು ನೋಡಿದ.

"ತೋಳಿದೆ, ಕಾಲರಿದೆ, ಗುಂಡಿ ಇದೆ," ಎಂದಳು ಅವಳು. "ಜಾಕೆಟ್ಟು ಹಾಕ್ಕೋಬೇಕು ಅಂತ ಹಿರಿಯರು ಹೇಳಿದಾರೆ. ಯಾವ ಪ್ರಾಣೀದು ಅಂತ ಹೇಳಿಲ್ಲ."

ಶೋಶಾಂಗಿನವರು ಬಿಸಿಲೇರುವ ಮೊದಲೇ ಬಂದು ಗೇಟಿನಾಚೆ ನಿಂತರು. ಕೆದಿಬೋನೆ ಒಳಗೆ, ಅದೇ ಕಿಟಕಿಯ ಹಿಂದೆ. ಪರದೆ ಎಳೆದಿತ್ತು, ಕಾಣುವಂತಿಲ್ಲ, ಕೇಳಬಹುದು ಅಷ್ಟೇ. ಒಂದು ಕಡೆ ಮೊಸಾದಿ, ಇನ್ನೊಂದು ಕಡೆ ಮಾರಂಗ್. ಬಂದಿದ್ದಾರೆ ಎಂದು ಅವಳು ಮನಸ್ಸಿನಲ್ಲೇ ಹೇಳಿಕೊಂಡಳು. ಬಂದೇಬಿಟ್ಟಿದ್ದಾರೆ.

ರಾ ಮೊಥಿಬಿಯ ಗಟ್ಟಿ ದನಿ ಕೇಳಿಸಿತು. "ಕುಡಿಯೋ ನೀರಿಗೆ ಒಂದು ಸೋರೆಬುರುಡೆ ಕೇಳೋಣ ಅಂತ ಬಂದಿದೀವಿ. ಈ ಮನೇಲಿ ಇದೆಯಾ?"

ಹೆಣ್ಣನ್ನು ಹೆಸರಿಟ್ಟು ಕೇಳುವಂತಿಲ್ಲ, ಸೋರೆಬುರುಡೆ ಎಂದೇ ಕೇಳುವುದು ಪದ್ಧತಿ. ಎಲ್ಲೋ ಕೋಳಿ ಕೂಗಿತು. ಒಂದು ಕುರ್ಚಿ ಕಿರುಗುಟ್ಟಿತು. ಯಾರೋ ಕೆಮ್ಮಿದರು. ಕೆದಿಬೋನೆ ಪರದೆಯನ್ನು ಹಿಡಿದುಕೊಂಡಳು. ಗಾಳಿ ಹೊರಟಂಥ ಸದ್ದೊಂದು ಬಂತು, ನಿಂತಿತು. ಮಾರಂಗ್ ಕಣ್ಣು ಮುಚ್ಚಿದಳು.

"ಕೇಳಿಸಿಕೊಂಡ್ವಿ," ಎಂದಿತು ಒಂದು ದನಿ. "ಒಳಗೆ ಬನ್ನಿ. ಸೋರೆಬುರುಡೆ ಇದೆ."

ಅದು ಗೂಳಿಯ ದನಿಯಾಗಿರಲಿಲ್ಲ. ತೆಳ್ಳಗೆ, ತಿಳಿಯಾಗಿ, ತುಸು ನಡುಗುತ್ತಿದ್ದ ದನಿ. ಕೆದಿಬೋನೆಗೆ ಅದು ಯಾರದೆಂದು ಒಂದು ಕ್ಷಣ ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಒಣಗಿದ ಹೊಳೆಯ ಮರಳಿನಲ್ಲಿ ಆಡುಗಳ ಹಿಂದೆ ಓಡುತ್ತಿದ್ದಾಗ, ಅಕ್ಕಾ ನಿಲ್ಲು, ಅಕ್ಕಾ ನಿಲ್ಲು ಎಂದು ಹಿಂದಿನಿಂದ ಕರೆಯುತ್ತಿದ್ದ ದನಿ. ಅಷ್ಟು ವರ್ಷದ ಕಿರುಚಾಟದ ಕೆಳಗೆ ಅದು ಸವೆಯದೆ ಹಾಗೇ ಇತ್ತು. ಅವಳಿಗೆ ಅಳು ಬಂದುಬಿಟ್ಟಿತು.

ಮೊಸಾದಿ ಅಳಲಿಲ್ಲ. ಅವಳು ಬೆರಳು ಮಡಿಸುತ್ತಿದ್ದಳು. "ಹತ್ತರಲ್ಲಿ ಐದು ಆಯ್ತು," ಎಂದಳು ಕಳವಳದಿಂದ.

ಗೇಟು ತೆರೆಯಿತು, ಜನ ಕೂತರು. ಹುಡುಗಿಯನ್ನು ಸಾಕಿ ಬೆಳೆಸಿದವರು ಯಾರು ಎಂದು ರಾ ಮೊಥಿಬಿ ಕೇಳಿದ. ಅದೂ ಕೇಳಲೇಬೇಕಾದ ಪ್ರಶ್ನೆ. ಸೋದರಮಾವಂದಿರು ಅಲ್ಲಿ ತಮ್ಮ ಹೆಸರನ್ನೇ ಹೇಳಿಕೊಳ್ಳುವುದು ರೂಢಿ.

"ಅವಳ ತಾಯಿ," ಎಂದ ಮೊಲೆಫಿ. ಉಸಿರು ತೆಗೆದುಕೊಂಡ. "ಒಬ್ಬಳೇ."

ಎಂಟು ಎಂದಳು ಮೊಸಾದಿ. ಉಳಿದ ಮಾತುಗಳನ್ನೆಲ್ಲ ನೆರೆಮನೆಯ ಹಿರಿಯರು ಆಡಿ ಮುಗಿಸಿದರು. ಕೊಡುವ ದನ ಎಷ್ಟು, ಮದುವೆ ಎಂದು, ಎಲ್ಲ ಮಧ್ಯಾಹ್ನದೊಳಗೆ ಗೊತ್ತಾಯಿತು. ಈ ಸಲ ಮಾಂಸವನ್ನು ಬಂದವರೇ ಉಂಡರು. ರಾ ಮೊಥಿಬಿ ಎರಡು ಸಲ ಹಾಕಿಸಿಕೊಂಡ. ಹೋಗುವಾಗ ಮೊಲೆಫಿಯ ತೋಳನ್ನು ಬೆರಳಿನಿಂದ ಒತ್ತಿ ನೋಡಿ, ತೊಗಲು ಒಳ್ಳೆಯದು, ಯಾವ ಊರಿನ ದನದ್ದು ಎಂದು ವಿಚಾರಿಸಿದ. ಮೊಲೆಫಿ ಸ್ಲೇಟಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದ.

ಎಲ್ಲರೂ ಹೋದ ಮೇಲೆ ಅಕ್ಕ ತಮ್ಮ ಇಬ್ಬರೇ ಅಡುಗೆಮನೆಯಲ್ಲಿ ಹಂಡೆ ತಿಕ್ಕಿದರು. ಕೆದಿಬೋನೆಯ ಹೊಟ್ಟೆ ಎಷ್ಟೋ ವರ್ಷಗಳ ಮೇಲೆ ತಣ್ಣಗಾಗಿತ್ತು. ಕಪ್ಪಾದ ಗೋಡೆಯ ಕಡೆ ನೋಡಿ ಕೊನೆಗೂ ಕೇಳಿದಳು.

"ಅವತ್ತು ಸ್ಲೇಟಲ್ಲಿ ಏನು ಬರೆದಿದ್ದೆ? ನಾನು ಒರೆಸಿಬಿಟ್ಟೆ. ದಿನಾ ಅದನ್ನೇ ನೆನೆಸ್ಕೊಂಡು ಸಂಕಟ ಪಟ್ಟಿದೀನಿ. ಹೇಳು."

ಮೊಲೆಫಿ ಕೈಯ ನೊರೆ ತೊಳೆದುಕೊಂಡ. ಸ್ಲೇಟಿಗೆ ಕೈ ಚಾಚಿದವನು ಬಿಟ್ಟುಬಿಟ್ಟ. ಅವನ ಲೆಕ್ಕದಲ್ಲಿ ಇನ್ನೂ ಎರಡು ಪದ ಉಳಿದಿದ್ದವು.

"ಎಣ್ಣೆ ಹೊಗೆಯಾಡ್ತಿದೆ," ಎಂದ.

ಅವಳು ಅವನನ್ನು ನೋಡಿದಳು, ಗೋಡೆ ನೋಡಿದಳು, ಅವನ ಕೈಯ ಬೊಕ್ಕೆ ನೋಡಿದಳು. ನಗು ಹೊಟ್ಟೆಯೊಳಗಿಂದ ಎದ್ದು ಬಂದು ಅವಳು ಹಂಡೆಯ ಅಂಚು ಹಿಡಿದುಕೊಳ್ಳಬೇಕಾಯಿತು. ಅವನೂ ನಕ್ಕ, ಈ ಸಲ ತುಸು ಸದ್ದಾಗಿ, ಮತ್ತೆ ಇನ್ನೇನೋ ಹೇಳಲು ಬಾಯಿ ತೆರೆದ.

ನಾಲ್ಕು ವಾರದಿಂದ ಆಡಲಾಗದೆ ಉಳಿದುಹೋಗಿದ್ದ ಮಾತನ್ನು ಕೆದಿಬೋನೆ ಆಗ ಬಾಯ್ತುಂಬ ಆಡಿದಳು.

"ಬಾಯ್ಮುಚ್ಚು, ಮೊಲೆಫಿ. ಹತ್ತು ಮುಗೀತು. ಇನ್ನು ನಾಳೆ."